ಅಕ್ಕನ ಕಿಟಕಿಯೂ ಗಾರೆ ದೊರೆಯ ಗಡಿಯಾರವೂ

ನನ್ನ ಅಕ್ಕನ ಹತ್ತಿರ ಕಿಟಕಿ ಇತ್ತು, ಅದನ್ನು ಕೂರಿಸಲು ಗೋಡೆಯಲ್ಲಿ ತೂತಿರಲಿಲ್ಲ. ಲೋಕದಲ್ಲೆಲ್ಲ ಮೊದಲು ತೂತು, ಆಮೇಲೆ ಕಿಟಕಿ. ಅಕ್ಕನದು ಯಾವಾಗಲೂ ತಿರುಗುಮುರುಗು. ಹಳೆ ಮನೆಗಳನ್ನು ಕೆಡವಿ ಮಾರುವವರ ಅಂಗಳದಲ್ಲಿ ಎರಡು ಒಡಕು ಬಾಗಿಲುಗಳ ನಡುವೆ ಮಂಕಾಗಿ ನಿಂತಿದ್ದ ಮರದ ಕಿಟಕಿಯೊಂದನ್ನು ಕಂಡು, ಅರ್ಧ ಬೆಲೆಗೆ ಚೌಕಾಸಿ ಮಾಡಿ, ಭಾವನ ಬೆನ್ನಿಗೆ ಹೊರಿಸಿ ಮನೆಗೆ ತಂದು, ಹಿಂದಿನ ಕೋಣೆಯ ಗೋಡೆಗೆ ಒರಗಿಸಿದ್ದಳು. ಅದರ ಒಂದು ಗಾಜಿನೊಳಗೆ ಕಡಲೆಕಾಳಿನಷ್ಟು ಗಾಳಿಗುಳ್ಳೆ. "ಗಾಜು ಊದುವಾಗ ಯಾರೋ ನಿಟ್ಟುಸಿರು ಬಿಟ್ಟಿದಾರೆ, ಪಾಪ," ಅಂದಳು ಅಕ್ಕ. ಆ ನಿಟ್ಟುಸಿರಿನ ಸಮೇತ ಕಿಟಕಿ ಎರಡು ವರ್ಷ ಅಲ್ಲೇ ನಿಂತು, ತಪಸ್ಸಿಗೆ ಕೂತವರ ಹಾಗೆ, ಗೋಡೆಯನ್ನೇ ನೋಡುತ್ತಿತ್ತು.

ಆ ಗೋಡೆಯೂ ಸಾಮಾನ್ಯದ್ದಲ್ಲ. ಹಿಂದೆ ಅಲ್ಲಿ ಕಿಟಕಿ ಇತ್ತು. ಹಳೆಯ ಮಾಲೀಕ ಚಳಿಗೆ ಹೆದರಿಯೋ, ಪಕ್ಕದ ಮನೆಯವರ ಮೇಲಿನ ಸಿಟ್ಟಿಗೋ ಇಟ್ಟಿಗೆ ತುಂಬಿಸಿ ಮುಚ್ಚಿಸಿದ್ದ. ಹೊರಗೆ ಓಣಿಯಲ್ಲಿ ನಿಂತು ನೋಡಿದರೆ ಕಾಣುತ್ತಿತ್ತು: ಮೇಲೆ ಕಲ್ಲಿನ ತೊಲೆ, ಕೆಳಗೆ ಬೇರೆ ಬಣ್ಣದ ಇಟ್ಟಿಗೆ, ಕಣ್ಣು ಮುಚ್ಚಿ ಮಲಗಿದ ಮುಖದ ಹಾಗೆ. ಅಕ್ಕ ಹೊರಗಿನಿಂದ ಟೇಪು ಹಿಡಿದು ಅಳೆದು, ಒಳಗೆ ಬಂದು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಗೋಡೆಯ ಮೇಲೆ ಅದೇ ಜಾಗಕ್ಕೆ ಕಿಟಕಿ ಬರೆದಿದ್ದಳು. ತಿಂಗಳಿಗೊಮ್ಮೆ ಗೆರೆ ಮಾಸುತ್ತಿತ್ತು. ಅಕ್ಕ ಮತ್ತೆ ಬರೆಯುತ್ತಿದ್ದಳು. ಸಂಜೆ ಬಿಸಿಲು ಆ ಕಡೆ ಬಿದ್ದಾಗ ಚಾಕಿನ ಗೆರೆಯೊಳಗೆ ಅಂಗೈ ಒತ್ತಿ, "ಬಂದಿದೆ ನೋಡೋ, ಆಚೆ ಕಾಯ್ತಾ ನಿಂತಿದೆ," ಅನ್ನುವಳು. ನಾನೂ ಕೈ ಇಟ್ಟು ನೋಡಿದೆ. ಬೆಚ್ಚಗಿತ್ತು. ಬಾಗಿಲು ತಟ್ಟಲು ನಾಚಿಕೊಂಡ ನೆಂಟರ ಹಾಗೆ ಬಿಸಿಲು ಆ ಕಡೆ ನಿಂತಿತ್ತು.

ಆ ವರ್ಷ ಎರಡು ತಿಂಗಳು ನಾನು ಅವರ ಮನೆಯಲ್ಲಿದ್ದೆ. ಉಂಡಾಡಿ ತಮ್ಮ ಅನ್ನುವ ಹುದ್ದೆ ನನ್ನದು. ಅದಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ.

ಅಕ್ಕ ಮದುವೆಯಾಗಿ ಕಡಲಾಚೆಯ ಆ ಚಳಿ ದೇಶಕ್ಕೆ ಹೋದಾಗ ಪೆಟ್ಟಿಗೆಯಲ್ಲಿ ಸೀರೆಗಿಂತ ಮೇಲೆ ಇಟ್ಟುಕೊಂಡದ್ದು ಕತ್ತರಿ. ಅಲ್ಲಿನ ಭಾಷೆಯನ್ನು ಅವಳು ಹೊಲಿಗೆಯ ಹಾಗೇ ಕಲಿತಳು, ಎಲ್ಲಿ ಬಟ್ಟೆ ಸಾಲದೋ ಅಲ್ಲಿ ಕನ್ನಡದ ತೇಪೆ. ಬೀದಿ ಮೂಲೆಯ ಡ್ರೈಕ್ಲೀನಿಂಗ್ ಅಂಗಡಿಯವಳು ವಾರಕ್ಕೆ ಎರಡು ಚೀಲ ಕಳಿಸುತ್ತಿದ್ದಳು: ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟುಗಳು, ಹೊಟ್ಟೆ ಬೆಳೆದವರ ಕೋಟುಗಳು, ಹೊಟ್ಟೆ ಕರಗಿಸಿದವರ ಕೋಟುಗಳು. ಎರಡನೆಯ ಜಾತಿ ಬಹಳ ಕಡಿಮೆ. ಜೇಬಿನಲ್ಲಿ ಸಿಕ್ಕಿದ ಬಸ್ ಟಿಕೇಟು, ಒಣಗಿದ ಎಲೆ, ಯಾರಿಗೋ ಬರೆದು ಕೊಡದೇ ಉಳಿದ ಚೀಟಿ, ಎಲ್ಲವನ್ನೂ ಅಕ್ಕ ಪುಟ್ಟ ಕವರಿಗೆ ಹಾಕಿ ಬಟ್ಟೆಗೇ ಪಿನ್ನು ಮಾಡಿ ವಾಪಸು ಕಳಿಸುತ್ತಿದ್ದಳು. ಚೀಟಿ ಓದುತ್ತಿದ್ದಳೇ ಎಂದು ನಾನು ಕೇಳಿಲ್ಲ. ಆದರೆ ಕೆಲವು ಕೋಟುಗಳನ್ನು ಹೊಲಿಯುವಾಗ ಅವಳ ಮುಖ ಮೆತ್ತಗಾಗುತ್ತಿತ್ತು.

ಭಾವ ಚಪ್ಪಲಿ ಅಂಗಡಿಯಲ್ಲಿ ಅಳತೆ ನೋಡುವವರು. ದಿನಕ್ಕೆ ನಲವತ್ತು ಸಲ ಮಂಡಿಯೂರಿ ಜನರ ಕಾಲು ಹಿಡಿಯುವುದು ಅವರ ಕಸುಬು. "ನಾನು ಕಾಲು ಹಿಡಿಯದ ದೊಡ್ಡ ಮನುಷ್ಯ ಈ ಊರಲ್ಲಿ ಯಾರಿದಾರೆ ಹೇಳು," ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು.

ಸಂಸಾರ ಹೀಗೆ ಸುಖವಾಗಿ ಸಾಗುತ್ತಿರಲಾಗಿ ಒಂದು ಅನರ್ಥವಾಯಿತು. ಹಿಂದಿನ ಕೋಣೆಯ ದೀಪದಲ್ಲಿ ಅಕ್ಕನಿಗೆ ಕಪ್ಪು ಮತ್ತು ಕಡುನೀಲಿಯ ವ್ಯತ್ಯಾಸ ತಿಳಿಯದಾಗಿತ್ತು. ಕಣ್ಣಿನ ಡಾಕ್ಟರು, "ಕಣ್ಣು ವಯಸ್ಸಿಗೆ ತಕ್ಕ ಹಾಗಿದೆ. ಕನ್ನಡಕ ಬದಲಾಯಿಸಿ ಪ್ರಯೋಜನ ಇಲ್ಲ. ಹಗಲಿನ ಬೆಳಕಲ್ಲಿ ಕೂತು ಹೊಲಿಯಿರಿ," ಎಂದು ಹೇಳಿ ಕಳಿಸಿದ್ದರು. ಹಗಲು ಹುಡುಕಿಕೊಂಡು ಅಕ್ಕ ಎರಡು ದಾರದ ಉಂಡೆ ಹಿಡಿದು ಬೀದಿಗೆ ಓಡುವಳು, ಮೋಡದ ಕಡೆ ಎತ್ತಿ ಹಿಡಿದು ನೋಡಿ, ಒಳಗೆ ಬರುವಷ್ಟರಲ್ಲಿ ಯಾವ ಕೈಯಲ್ಲಿ ಯಾವುದಿತ್ತು ಎಂದು ಮರೆತು ಮತ್ತೆ ಓಡುವಳು. ಇಷ್ಟಾದರೂ ಯಾರದೋ ಕಪ್ಪು ಪ್ಯಾಂಟಿನ ಅಂಚನ್ನು ನೀಲಿ ದಾರದಲ್ಲಿ ಹೊಲಿದಾಯಿತು. ಆ ಮನುಷ್ಯ ದೊಡ್ಡ ಸಭೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಾಗ ಲೋಕವೆಲ್ಲ ನೋಡಿತಂತೆ. ಡ್ರೈಕ್ಲೀನಿಂಗ್ ಅಂಗಡಿಯವಳು ಜಗಳಗಂಟಿಯಲ್ಲ. ಮೆಲ್ಲಗೆ ಅಂದಳು: "ಇನ್ನೊಂದು ಸಲ ಹೀಗಾದರೆ ನಾನು ಬಟ್ಟೆ ಬೇರೆಯವರಿಗೆ ಕೊಡಬೇಕಾಗುತ್ತೆ."

ಅಕ್ಕ ಮನೆಗೆ ಬಂದು ಮಷೀನಿಗೆ ಮುಸುಕು ಹೊದಿಸಿ, ಚಾಕಿನ ಕಿಟಕಿಯ ಎದುರು ಕೂತಳು. ಹನ್ನೊಂದನೆಯ ವಯಸ್ಸಿನಿಂದ ಹಿಡಿದ ಸೂಜಿ. ಚಳಿಗಾಲ ಬಾಗಿಲಲ್ಲಿತ್ತು, ಹಗಲು ದಿನಕ್ಕೊಂದಿಷ್ಟು ಕುಗ್ಗುತ್ತಿತ್ತು.

"ಒಡೆಸೋಣ," ಅಂದರು ಭಾವ.

ಆ ದೇಶದಲ್ಲಿ ಮನೆ ಕೊಳ್ಳುವುದು ಕಷ್ಟ. ಕೊಂಡ ಮನೆಯಲ್ಲಿ ಒಂದು ಮೊಳೆ ಹೊಡೆಸುವುದು ಅದಕ್ಕಿಂತ ಕಷ್ಟ. ಹಳೆಯ ನಕ್ಷೆಯಲ್ಲಿ ಕಿಟಕಿ ಇದ್ದದ್ದರಿಂದ ಊರಿನ ಕಚೇರಿಯ ಒಪ್ಪಿಗೆ ಸುಲಭವಾಗಿ ಸಿಕ್ಕಿತು. ಸಿಕ್ಕದೇ ಹೋದದ್ದು ಗೋಡೆ ಒಡೆಯುವ ಮನುಷ್ಯರು. ಮೊದಲು ಬಂದವನು ಗೋಡೆಗೆ ಎರಡು ಸಲ ಬೆರಳಿನಲ್ಲಿ ಕುಟ್ಟಿ, "ಹೂಂ" ಅಂದು, ಹೋಗುವಾಗ ನೋಡಿದ್ದಕ್ಕೆ ಎಂದು ಒಂದು ಚೀಟಿ ಕೊಟ್ಟ. ಭಾವ ಒಂದು ದಿನವಿಡೀ ಊರಿನ ಕಾಲು ಹಿಡಿದರೆ ಬರುವಷ್ಟು ದುಡ್ಡು ಅದು.

"ನೋಡಿದ್ದಕ್ಕಾ?" ಅಕ್ಕ ಗಲ್ಲದ ಮೇಲೆ ಕೈಯಿಟ್ಟಳು. "ನನ್ನನ್ನ ನೋಡೋಕೆ ಏಳು ಗಂಡುಗಳು ಬಂದಿದ್ರಲ್ಲ, ಒಬ್ಬರೂ ದುಡ್ಡು ಕೇಳಲಿಲ್ಲ."

"ಎಂಟನೆಯವನು ಈಗಲೂ ಕಟ್ತಾ ಇದಾನೆ," ಅಂದರು ಭಾವ.

ಎರಡನೆಯವನು ಬರಲೇ ಇಲ್ಲ, ಪಟ್ಟಿ ಕಳಿಸಿದ. ಭಾವ ಅದನ್ನು ನಿಂತುಕೊಂಡು, ಕಾವ್ಯ ವಾಚಿಸುವ ಗತ್ತಿನಲ್ಲಿ ಓದಿದರು. ಇಟ್ಟಿಗೆ ಕೀಳುವುದಕ್ಕೆ ಇಷ್ಟು, ಕಿತ್ತ ಇಟ್ಟಿಗೆ ಹೊರುವುದಕ್ಕೆ ಇಷ್ಟು, ಹೊತ್ತದ್ದನ್ನು ಎಸೆಯುವುದಕ್ಕೆ ಇಷ್ಟು, ಧೂಳು ಒಯ್ಯುವುದಕ್ಕೆ ಇಷ್ಟು, ವಾಹನ ನಿಲ್ಲಿಸುವುದಕ್ಕೆ ಇಷ್ಟು.

"ಧೂಳು ಇಲ್ಲೇ ಬಿಟ್ಟು ಹೋಗೋಕೆ ಹೇಳಿ," ಅಕ್ಕ ಅಂದಳು. "ನಮ್ಮ ಮನೆ ಧೂಳಿಗೆ ಅಷ್ಟೊಂದು ಮರ್ಯಾದೆ ಬೇಡ."

ಮೂರನೆಯವನೇ ನಮ್ಮ ಕಥಾನಾಯಕ. ಆರಡಿ ಎತ್ತರ, ಇಟ್ಟಿಗೆ ಬಣ್ಣದ ಮುಖ, ಕಿವಿಯ ಸಂದಿಯಲ್ಲಿ ಮೊಂಡು ಪೆನ್ಸಿಲ್. ನಾನು ಅವನಿಗೆ ಗಾರೆ ದೊರೆ ಎಂದು ಹೆಸರಿಟ್ಟೆ. ಅವನು ಬಂದವನೇ ಚಾಕಿನ ಗೆರೆಯ ಮೇಲೆ ತನ್ನ ಟೇಪು ಹಿಡಿದ, ಹೊರಗೆ ಹೋಗಿ ಅಳೆದ, ಒಳಗೆ ಬಂದು ಅಕ್ಕನನ್ನು ನೋಡಿದ. "ಯಾವ ಮೇಸ್ತ್ರಿ ಗುರುತು ಹಾಕಿದ್ದು? ಕೂದಲೆಳೆ ವ್ಯತ್ಯಾಸ ಇಲ್ಲ." ಅಕ್ಕ ನಾಚಿಕೊಂಡಳು. ಅವನ ಲೆಕ್ಕ ಸರಳ: ಗಂಟೆಗೆ ಇಷ್ಟು, ಮನೆಯೊಳಗೆ ಕಾಲಿಟ್ಟಲ್ಲಿಂದ ಹೊರಗಿಡುವವರೆಗೆ. ಹದಿನಾರು ಗಂಟೆ, ಎರಡು ದಿನ. ಭಾವ ಬೀರುವಿನಿಂದ ಎರಡು ವರ್ಷದ ಉಳಿತಾಯದ ಲಕೋಟೆ ತೆಗೆದು ಎಣಿಸಿದರು. ಸರಿಯಾಗಿ ಹದಿನಾರು ಗಂಟೆ ಇತ್ತು. ಹದಿನೇಳನೆಯದು ಇರಲಿಲ್ಲ.

ಆ ದೇಶದ ರೀತಿ ಹೀಗೆ: ಕೆಲಸದವರು ತಮ್ಮ ಫ್ಲಾಸ್ಕು ತಾವೇ ತರುತ್ತಾರೆ. ಮನೆಯವರು ಗೋಡೆ ತೋರಿಸಿ ಪಕ್ಕಕ್ಕೆ ಸರಿಯುತ್ತಾರೆ. ಇದು ಭಾವನಿಗೆ ಗೊತ್ತಿತ್ತು. ಹಿಂದಿನ ಸಂಜೆ ಅಕ್ಕನನ್ನು ಕೂರಿಸಿಕೊಂಡು ಉಪದೇಶ ಮಾಡಿದರು.

"ನೋಡೇ, ಚಹಾ ಅನ್ನೋ ಮಾತೇ ಎತ್ತಬೇಡ. ಅವನು ಕುಡಿಯೋದು ಚಹಾ ಅಲ್ಲ, ನಮ್ಮ ದುಡ್ಡು."

"ಅಲ್ಲಾರೀ, ಮನೆ ಗೋಡೆ ಒಡೆಯೋಕೆ ಬಂದವನು. ಅವನ ಹೊಟ್ಟೆ ತಣ್ಣಗಿರಬೇಡ್ವಾ?"

"ಬೇಡ. ಕೂತ್ಕೊಳ್ಳಿ ಅನ್ನಬೇಡ. ಊಟ ಆಯ್ತಾ ಅನ್ನಬೇಡ. ಮಕ್ಕಳೆಷ್ಟು ಅಂತಂತೂ ಕೇಳಲೇಬೇಡ, ಅದರಲ್ಲೇ ಅರ್ಧ ಗಂಟೆ ಹೋಗುತ್ತೆ."

"ಆಯ್ತು," ಅಂದಳು ಅಕ್ಕ. ಅವಳು ಆಯ್ತು ಅಂದದ್ದು ಯಾವತ್ತೂ ಆಗಿಲ್ಲ.

ಮುಂಜಾಗ್ರತೆಗೆ ಭಾವ ಬೆಳಗಾಗುವಷ್ಟರಲ್ಲಿ ಕೆಳಗಿನ ಎಲ್ಲ ಕುರ್ಚಿಗಳನ್ನೂ ಮಹಡಿಗೆ ಸಾಗಿಸಿದ್ದರು. ಎಂಟಕ್ಕೆ ಗಾರೆ ದೊರೆ ಬಂದ. ಎಂಟು ಗಂಟೆ ಒಂದು ನಿಮಿಷಕ್ಕೆ ಅಕ್ಕ ಕೈಯಲ್ಲಿ ಹಬೆಯಾಡುವ ಲೋಟ ಹಿಡಿದು ಪ್ರತ್ಯಕ್ಷಳಾದಳು. ದೊರೆ ತನ್ನ ಫ್ಲಾಸ್ಕು ತೋರಿಸಿದ. ಅಕ್ಕ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಬೇರೆಯವರ ಮಗುವನ್ನು ಕೆಳಗಿಳಿಸುವ ಹಾಗೆ ಮೆತ್ತಗೆ ಮೂಲೆಗಿಟ್ಟಳು. ಕುರ್ಚಿಗಾಗಿ ಸುತ್ತ ನೋಡಿದಳು, ಭಾವನ ಮುಖ ನೋಡಿದಳು, ತನ್ನ ಹೊಲಿಗೆಯ ಮೆತ್ತೆ ಸ್ಟೂಲನ್ನೇ ಎಳೆದು ಕೊಟ್ಟಳು. ಆ ಸ್ಟೂಲಿನಲ್ಲಿ ನನಗೇ ಯಾವತ್ತೂ ಜಾಗ ಸಿಕ್ಕಿರಲಿಲ್ಲ.

"ಮೂವತ್ತು ವರ್ಷದಿಂದ ಜನರ ಗೋಡೆ ಒಡೀತಿದೀನಿ ಮೇಡಂ," ದೊರೆ ಅಂದ. ಅವರ ಭಾಷೆಯಲ್ಲೇ ಅಂದದ್ದು, ನಮ್ಮ ಮಾತಿಗೆ ತಂದದ್ದು ನಾನು. "ಕೂತ್ಕೊಳ್ಳಿ ಅಂತ ಯಾರೂ ಹೇಳಿರಲಿಲ್ಲ."

"ಅಯ್ಯೋ," ಅಂದಳು ಅಕ್ಕ. "ಮಕ್ಕಳೆಷ್ಟು ನಿಮಗೆ?"

ಭಾವ ಗೋಡೆ ಗಡಿಯಾರದ ಕಡೆ ತಿರುಗಿದರು. ಅದರ ಸೆಕೆಂಡಿನ ಮುಳ್ಳು ಗರಗಸದ ಹಾಗೆ ಅವರ ಎದೆಯ ಮೇಲೆ ಓಡುತ್ತಿದ್ದುದು ನನಗೆ ಕಾಣುತ್ತಿತ್ತು. "ಒಂದು ಲೋಟಕ್ಕೆ ಒಂದು ವರಸೆ ಇಟ್ಟಿಗೆ," ಎಂದು ನನ್ನ ಕಿವಿಯಲ್ಲಿ ನರಳಿದರು. ದೊರೆಗೆ ಮೂರು ಮಕ್ಕಳು, ಒಬ್ಬಳು ಅಳಿಯನ ಸಮೇತ ಇವನ ಮನೆಯಲ್ಲೇ ಇದ್ದಳು. ಅಳಿಯನ ವಿಷಯ ಶುರುವಾದಾಗ ಭಾವ ಮಹಡಿಗೆ ಹೋಗಿ ಕುರ್ಚಿಗಳ ನಡುವೆ ಕೂತುಬಿಟ್ಟರು.

ಅಕ್ಕನಿಗೆ ಕೈಕಟ್ಟಿ ಕೂತು ಮಾತಾಡಲು ಬರುವುದಿಲ್ಲ. ದೊರೆಯ ಕೋಟಿನ ಜೇಬು ಟೇಪಿನ ಭಾರಕ್ಕೆ ಹರಿದು ನೇತಾಡುತ್ತಿತ್ತು. "ತೆಗೀರಿ ಇಲ್ಲಿ," ಅಂದಳು. ಮಣ್ಣಿನ ಬಣ್ಣದ ಬಟ್ಟೆ, ದಾರ ತಪ್ಪುವ ಭಯವಿಲ್ಲ. ಅವನು ಕುಡಿದ, ಅವಳು ಹೊಲಿದಳು. ಹನ್ನೊಂದಕ್ಕೆ ಇನ್ನೊಂದು ಚಹಾ, ಊಟದ ಮೇಲೊಂದು, ಮಧ್ಯಾಹ್ನ ಮೂರಕ್ಕೊಂದು. ಇನ್ನು ಸಾಕು ಎಂದು ಅವನು ಕೈ ಅಡ್ಡ ಹಿಡಿದಷ್ಟೂ ಬಿಸ್ಕತ್ತು ಬರುತ್ತಿತ್ತು.

ನಡುನಡುವೆ ಕೆಲಸವೂ ಆಯಿತು. ಮೊದಲ ಇಟ್ಟಿಗೆ ಕಿತ್ತ ಕ್ಷಣವನ್ನು ಮಾತ್ರ ನಾನು ಮರೆಯಲಾರೆ. ಉಳಿಯ ಮೇಲೆ ಸುತ್ತಿಗೆ ಬಿತ್ತು, ಇಟ್ಟಿಗೆ ಹಲ್ಲಿನ ಹಾಗೆ ಅಲುಗಿತು, ದೊರೆ ಅದನ್ನು ಎರಡೂ ಕೈಯಿಂದ ಈಚೆ ಎಳೆದ. ಎಳೆದ ಜಾಗದಿಂದ ಬೆಳಕು ಒಂದು ಉದ್ದನೆಯ ಹಲಗೆಯ ಹಾಗೆ ಕೋಣೆಯೊಳಗೆ ಚಾಚಿ, ಧೂಳನ್ನು ಮೈತುಂಬ ಹೊದ್ದುಕೊಂಡು, ಮುಸುಕು ಹಾಕಿದ ಮಷೀನಿನ ಮೇಲೆ ಬಂದು ಕೂತಿತು. ಅಕ್ಕ ಕೈಯನ್ನು ಆ ಹಲಗೆಯೊಳಗೆ ಚಾಚಿದಳು, ಹಿಂದೆ ತೆಗೆದಳು, ಮತ್ತೆ ಚಾಚಿದಳು. ಅವಳ ಬೆರಳ ತುದಿಯ ಸೂಜಿ ಗಾಯಗಳೆಲ್ಲ ಚಿಕ್ಕ ಚಿಕ್ಕ ಅಕ್ಷರಗಳ ಹಾಗೆ ಕಂಡವು. ಮಹಡಿಯಿಂದ ಇಳಿದು ಬಂದ ಭಾವ ಬಾಗಿಲಲ್ಲೇ ನಿಂತರು, ಗಡಿಯಾರದ ಕಡೆ ನೋಡಲೇ ಇಲ್ಲ. ಸುತ್ತಿಗೆ ಹಿಡಿದ ದೊರೆಯೂ ತನ್ನ ಜೀವಮಾನದಲ್ಲಿ ಬೆಳಕನ್ನೇ ಕಾಣದವನ ಹಾಗೆ ನಿಂತಿದ್ದ. ಹಾಗೆ ಏಳು ನಿಮಿಷ. ಏಳು ಎಂದು ಆಮೇಲೆ ಲೆಕ್ಕ ಹಾಕಿದವರು ಭಾವನೇ.

ಎರಡನೆಯ ದಿನ ದೊರೆ ಬರುವಾಗಲೇ ಕಂಕುಳಲ್ಲಿ ಎರಡು ಪ್ಯಾಂಟು, ಮಂಡಿಗಳೆಲ್ಲ ಬಾಯಿಬಿಟ್ಟವು. ಕೋಟಿನ ಜಿಪ್ಪೂ ಕೆಟ್ಟಿತ್ತು. "ಕೊಡಿ, ಕೊಡಿ," ಅಂದಳು ಅಕ್ಕ. ಚಹಾ ಸಾಗಿತು, ಅಳಿಯನ ಪುರಾಣದ ಉತ್ತರಾರ್ಧ ಸಾಗಿತು, ಸೂಜಿ ಸಾಗಿತು. ಸಂಜೆ ನಾಲ್ಕಕ್ಕೆ ಹದಿನಾರು ಗಂಟೆ ತುಂಬಿದಾಗ ಗೋಡೆಯಲ್ಲಿ ಚಾಕಿನ ಗೆರೆಯುದ್ದಕ್ಕೂ ಅಂದವಾದ ತೂತಿತ್ತು. ಚೌಕಟ್ಟು ಮಾತ್ರ ಇನ್ನೂ ನೆಲದ ಮೇಲೇ ಇತ್ತು.

ದೊರೆ ತೂತಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಕಿವಿಯಿಂದ ಪೆನ್ಸಿಲ್ ತೆಗೆದು, ಪಟ್ಟಿ ಬರೆದು ಕೊಟ್ಟ. ಪ್ರಾಮಾಣಿಕ ಮನುಷ್ಯ. ಒಂದಕ್ಷರ ಮುಚ್ಚಿಟ್ಟಿರಲಿಲ್ಲ. ಒಡೆದದ್ದು, ಅಂಚು ಸರಿಮಾಡಿದ್ದು, ಇಟ್ಟಿಗೆ ಹೊರಗೆ ಜೋಡಿಸಿದ್ದು: ಹನ್ನೊಂದೂ ಮುಕ್ಕಾಲು ಗಂಟೆ. ಚಹಾ: ನಾಲ್ಕೂ ಕಾಲು ಗಂಟೆ. ಭಾವ ಲಕೋಟೆ ಕೊಟ್ಟರು. ಇನ್ನೆಷ್ಟು ಕೆಲಸ ಉಳಿದಿದೆ ಎಂದು ಕೇಳಿದರು.

"ಚೌಕಟ್ಟು ಕೂರಿಸಬೇಕು, ಸುತ್ತ ಗಾರೆ ಮೆತ್ತಬೇಕು. ನಾಲ್ಕು, ನಾಲ್ಕೂ ಕಾಲು ಗಂಟೆ." ದೊರೆ ಟೋಪಿ ತಿರುವುತ್ತ ನಿಂತ. "ದುಡ್ಡು ಆದಾಗ ಹೇಳಿ, ಬರ್ತೀನಿ."

ಅವನು ಹೋದ ಮೇಲೆ ಭಾವ ಸ್ಫೋಟಿಸಿದರು. "ಚಹಾ ಅಂತ ಬರೆದಿದಾನೆ ಕಣೇ! ಕಪ್ಪು ಕಾಗದದ ಮೇಲೆ ಬರೆದಿದ್ರೆ ಕಾಣ್ತಿರಲಿಲ್ಲ ಅನ್ನಬಹುದಿತ್ತು, ಬಿಳಿ ಹಾಳೆ ಮೇಲೇ ಬರೆದಿದಾನೆ! ನಾಲ್ಕೂ ಕಾಲು ಗಂಟೆ ಚಹಾ ಕುಡಿಸಿ, ಅದಕ್ಕೆ ನಾವೇ ದುಡ್ಡು ಕೊಟ್ಟು, ಈಗ ತೂತು ಇಟ್ಕೊಂಡು ಕೂತಿದೀವಿ. ಇನ್ನು ನಾಲ್ಕು ಗಂಟೆ ದುಡ್ಡು ಕೂಡೋದು ಬೇಸಿಗೆಗೆ!"

ಪ್ಲಾಸ್ಟಿಕ್ ಹಾಳೆ ಗಾಳಿಗೆ ಒಳಗೆ ಉಬ್ಬುತ್ತ, ಹೊರಗೆ ಸೆಳೆದುಕೊಳ್ಳುತ್ತ, ಮಲಗಿದ ದೊಡ್ಡ ಪ್ರಾಣಿಯ ಹಾಗೆ ಉಸಿರಾಡುತ್ತಿತ್ತು. ಅದರಾಚೆ ಸಂಜೆಯ ಬಣ್ಣ ಹಾಲಿಗೆ ಅರಿಶಿನ ಕದಡಿದಂತೆ. ಚಳಿ ಬರುತ್ತಿದ್ದರೂ ನಾವು ಮೂವರೂ ಅದರ ಎದುರು ಸಿನಿಮಾಕ್ಕೆ ಕೂತವರಂತೆ ಕೂತೆವು, ನೆಲದ ಮೇಲೆ. ಕುರ್ಚಿಗಳು ಇನ್ನೂ ಮಹಡಿಯಲ್ಲೇ ಇದ್ದವು.

"ರೀ, ಆ ಪಟ್ಟಿ ಕೊಡಿ ಇಲ್ಲಿ," ಅಕ್ಕ ಅಂದಳು. ಓದಿದಳು. "ಅವನು ನಾಲ್ಕೂ ಕಾಲು ಗಂಟೆ ಕೂತಿದ್ದ. ಆಗ ನಾನೇನು ಮಾಡ್ತಿದ್ದೆ?"

"ಅಳಿಯನ ಕತೆ ಕೇಳ್ತಿದ್ದೆ."

"ಕೈ ಏನು ಮಾಡ್ತಿತ್ತು?"

ಭಾವನ ಕಣ್ಣು ಹೊಲಿದಿಟ್ಟ ಪ್ಯಾಂಟುಗಳ ಕಡೆ ತಿರುಗಿತು.

ಅಕ್ಕ ಗುರುತಿನ ಚಾಕ್‌ಪೀಸು ಬದಿಗಿಟ್ಟು ಪೆನ್ನು ಹುಡುಕಿದಳು. ಪಟ್ಟಿಯ ಹಿಂಬದಿಯಲ್ಲಿ, ಆ ದೇಶದ ಭಾಷೆಯಲ್ಲಿ, ನಾಲಗೆಯನ್ನು ಹಲ್ಲಿನ ನಡುವೆ ಹಿಡಿದು ಬರೆದಳು. ಕೋಟಿನ ಜೇಬು, ಒಂದು ಗಂಟೆ. ಜಿಪ್ಪು, ಕಾಲು ಗಂಟೆ. ಪ್ಯಾಂಟು ಎರಡು, ಮಂಡಿ ನಾಲ್ಕು, ಮೂರು ಗಂಟೆ. ಇಷ್ಟು ವರ್ಷ ಬಟ್ಟೆಗೆ ಇಷ್ಟು ಎಂದು ಚಿಲ್ಲರೆ ಎಣಿಸಿಕೊಂಡವಳು ಮೊದಲ ಸಲ ತನ್ನ ಗಂಟೆಗೆ ಬೆಲೆ ಕಟ್ಟಲು ಪೆನ್ನು ಎತ್ತಿ, ಒಂದು ಕ್ಷಣ ತಡೆದಳು. ಆಮೇಲೆ ದೊರೆ ತನಗೆ ಬರೆದುಕೊಂಡಿದ್ದ ಬೆಲೆಯನ್ನೇ ಬರೆದಳು.

"ಅದೇ ರೇಟಾ?" ಭಾವ ಹೌಹಾರಿದರು. "ಅವನು ಗೋಡೆ ಒಡೆಯೋನು ಕಣೇ. ನೀನು ತೇಪೆ ಹಾಕೋಳು."

"ಅವನ ಗಂಟೆಗೂ ಅರವತ್ತೇ ನಿಮಿಷ," ಅಂದಳು ಅಕ್ಕ. "ನನ್ನ ಗಂಟೆಗೂ ಅರವತ್ತೇ."

ಮರುದಿನ ಭಾನುವಾರ. ಪ್ಯಾಂಟು ಒಯ್ಯಲು ದೊರೆ ಹನ್ನೊಂದಕ್ಕೆ ಬಂದ. ಅಕ್ಕ ಇಸ್ತ್ರಿ ಮಾಡಿ ಮಡಚಿಟ್ಟ ಪ್ಯಾಂಟಿನ ಮೇಲೆ ಪಟ್ಟಿಯಿಟ್ಟು ಕೊಟ್ಟಳು. ಚಹಾ ಕೊಟ್ಟವರಿಂದ ಪಟ್ಟಿ ಬರುವುದನ್ನು ಯಾರಾದರೂ ಹೇಗೆ ತೆಗೆದುಕೊಂಡಾರು? ಅವನು ಸಿಟ್ಟಾಗಿ ಹೊರಟುಹೋದರೆ ತೂತಿನ ಗತಿ ಪ್ಲಾಸ್ಟಿಕ್ಕೇ. ಆ ಕೋಣೆಯಲ್ಲಿ ಚಳಿಗಾಲ ಕಳೆಯಲು ಮಷೀನಿಗೂ ಆಗದು, ಅಕ್ಕನಿಗೂ ಆಗದು.

ದೊರೆ ಕನ್ನಡಕ ಹಾಕಿ ಓದಿದ. ಪ್ಯಾಂಟಿನ ಮಂಡಿಯನ್ನು ಬೆಳಕಿಗೆ ಹಿಡಿದ, ಒಳಮಗ್ಗುಲು ತಿರುಗಿಸಿ ನೋಡಿದ, ಹೊಲಿಗೆಯನ್ನು ಉಗುರಿನಿಂದ ಎಳೆದು ಪರೀಕ್ಷಿಸಿದ. ಮತ್ತೆ ಪಟ್ಟಿ ಓದಿದ.

"ಇದು ಸರಿ ಇಲ್ಲ," ದೊರೆ ಬೆರಳಿಟ್ಟ. "ಜಿಪ್ಪಿಗೆ ಕಾಲು ಗಂಟೆ ಅಂತೀರಿ. ನಾನು ನೋಡ್ತಿದ್ದೆ, ಹತ್ತು ನಿಮಿಷ ಆಗಿದ್ದು."

"ಬಿಸ್ಕತ್ತು ಬೇಡ ಬೇಡ ಅಂತ ನನ್ನ ಕೈ ಹಿಡಿದು ವಾದ ಮಾಡಿದ್ರಲ್ಲ," ಅಕ್ಕ ತಲೆಯೆತ್ತಿದಳು, "ಅದು ಐದು ನಿಮಿಷ."

ದೊರೆ ಯೋಚಿಸಿದ. ಆ ದೇಶದವರಿಗೆ ಪಟ್ಟಿ ಅಂದರೆ ಪಟ್ಟಿ, ಯಾರು ಬರೆದದ್ದಾದರೂ. "ನ್ಯಾಯ," ಅಂದ. ಪ್ಯಾಂಟು ಪಕ್ಕಕ್ಕಿಟ್ಟು, ಓಣಿಯಲ್ಲಿ ನಿಂತಿದ್ದ ವಾಹನದಿಂದ ಕರಣೆ, ರಸಮಟ್ಟ, ಸಿಮೆಂಟಿನ ಚೀಲ ಇಳಿಸಿದ. ಅಕ್ಕ ಅಭ್ಯಾಸಬಲದಿಂದ ಒಲೆಯ ಕಡೆ ಹೊರಟಾಗ ಅವನು ಕೈಯೆತ್ತಿ ತಡೆದ. "ಮೇಡಂ, ದಯವಿಟ್ಟು. ಮುಗಿಯೋವರೆಗೂ ಇಲ್ಲ. ನನಗೆ ಇನ್ನು ಹರಿದ ಬಟ್ಟೆ ಉಳಿದಿಲ್ಲ."

ಭಾವ ದೊರೆ ಕೆಳಗಿಟ್ಟ ಪಟ್ಟಿಯನ್ನು ಮಗುಚಿ ಅವನ ಲೆಕ್ಕವನ್ನು ಮತ್ತೆ ಮತ್ತೆ ಕೂಡಿಸಿ ನೋಡುತ್ತ ಮೂಲೆಯಲ್ಲಿ ನಿಂತಿದ್ದರು. "ಲೋ," ಎಂದು ನನ್ನನ್ನು ಕರೆದರು, ತೀರಾ ಮೆಲ್ಲಗೆ. "ಇಟ್ಟಿಗೆ ಕಿತ್ತಾಗ ನಿಂತಿದ್ವಲ್ಲ, ಏಳು ನಿಮಿಷ. ಅದನ್ನ ಬರೆದೇ ಇಲ್ಲ ಇವನು." ಆಮೇಲೆ ಮಹಡಿಗೆ ಹೋಗಿ ಕುರ್ಚಿಗಳನ್ನು ಒಂದೊಂದಾಗಿ ಇಳಿಸಿದರು.

ಸರಿಯಾಗಿ ನಾಲ್ಕೂ ಕಾಲು ಗಂಟೆಯ ಕೆಲಸಕ್ಕೆ ಕಿಟಕಿ ಗೋಡೆಯಲ್ಲಿ ಕೂತಿತು. ದೊರೆ ಕೈ ತೊಳೆದು ಬಂದು, ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ದೊಡ್ಡ ಕುರ್ಚಿ ನೋಡಿ ಕೂತು ಅಕ್ಕನ ಚಹಾ ತೆಗೆದುಕೊಂಡ. ಕಿಟಕಿಯಾಚೆ ನಂದನವನವೇನೂ ಇರಲಿಲ್ಲ: ಪಕ್ಕದ ಮನೆಯ ಕಸದ ಡಬ್ಬಿಗಳು, ಒಂದು ಸೈಕಲ್ಲು, ಮೇಲೆ ರವಿಕೆ ಪಟ್ಟಿಯಷ್ಟು ಆಕಾಶ. ಅಷ್ಟು ಸಾಕಾಗಿತ್ತು. ಬಿಸಿಲು ಇಪ್ಪತ್ತು ವರ್ಷದಿಂದ ಕಾದವರ ಹಾಗೆ ನೇರ ಒಳಗೆ ಬಂದು ಚಾಪೆ ಹಾಸಿತು. ಗಾಜಿನ ನಿಟ್ಟುಸಿರು ನೆಲದ ಮೇಲೆ ಒಂದು ಪುಟ್ಟ ಹೊಳೆಯುವ ಚುಕ್ಕೆಯಾಗಿ ಬಿದ್ದು, ಮೆಲ್ಲಗೆ ಮಷೀನಿನ ಕಡೆ ತೆವಳತೊಡಗಿತು.

ಅಕ್ಕ ಮುಸುಕು ತೆಗೆದು ಸ್ಟೂಲಿನ ಮೇಲೆ ಕೂತಳು. ಭಾವ ಎರಡು ಉಂಡೆಗಳನ್ನು ಬೆನ್ನ ಹಿಂದೆ ಅದಲುಬದಲು ಮಾಡಿ ಮುಂದೆ ಹಿಡಿದರು.

"ಎಡಗೈಯದು ಕಪ್ಪು," ಅಂದಳು ಅಕ್ಕ. ಕ್ಷಣವೂ ತಡವಿಲ್ಲ. "ಬಲಗೈಯದು ನೀಲಿ. ಏನ್ರೀ, ಇಷ್ಟು ಬೇರೆ ಬೇರೆ ಇದೆಯಲ್ಲ! ಇದನ್ನ ಹೇಗೆ ನಾನು..."

ಅವಳ ಕಣ್ಣು ಭಾವನ ಕೈಯಿಂದ ಕೆಳಗಿಳಿದು ಪಾದದ ಹತ್ತಿರ ನಿಂತಿತ್ತು. ಅಂಗಡಿಗೆ ದಿನವೂ ಹಾಕಿಕೊಂಡು ಹೋಗುವ ಕಪ್ಪು ಪ್ಯಾಂಟು. ಅದರ ಎರಡೂ ಅಂಚಿನಲ್ಲಿ, ನೇರವಾಗಿ, ನಾಜೂಕಾಗಿ, ಕಡುನೀಲಿ ಹೊಲಿಗೆ.

"ಇದು... ಯಾವಾಗ ಹೊಲಿದದ್ದು?"

"ನಾಲ್ಕು ವರ್ಷ ಆಯ್ತು."

"ನಿಮಗೆ ಗೊತ್ತಿತ್ತಾ?"

ಭಾವ ಉಂಡೆಗಳನ್ನು ಮಷೀನಿನ ಮೇಲಿಟ್ಟರು. "ಅಂಗಡೀಲಿ ನೆಲದ ಹತ್ತಿರ ಕನ್ನಡಿ ಇರುತ್ತಲ್ಲ, ಗಿರಾಕಿಗೆ ಕಾಲು ಕಾಣಲಿ ಅಂತ. ಮೊದಲ ದಿನ ಮಂಡಿಯೂರಿದಾಗಲೇ ಕಾಣಿಸ್ತು."

"ನಾಲ್ಕು ವರ್ಷ! ಊರೆಲ್ಲ ನೋಡಿದೆ. ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಅವತ್ತೇ ಸೂಜಿ ಕೆಳಗಿಟ್ಟುಬಿಡ್ತಿದ್ದೆ."

ಗಾರೆ ದೊರೆ ಲೋಟ ಬಾಯಿಯ ಹತ್ತಿರ ಹಿಡಿದು, ಏನೂ ಅರ್ಥವಾಗದೆ, ಆದರೆ ಕುಡಿಯದೆ ಕಾದ. ಅಕ್ಕ ಸೆರಗಿನಿಂದ ಕನ್ನಡಕ ಒರೆಸಿದಳು, ಬಹಳ ಹೊತ್ತು ಒರೆಸಿದಳು. ಮೂಗಿಗೇರಿಸಿಕೊಂಡು ಸೂಜಿ ಎತ್ತಿ, ಬೆಳಕಿಗೆ ಹಿಡಿದು, ಕಪ್ಪು ದಾರವನ್ನು ಒಂದೇ ಸಲಕ್ಕೆ ಪೋಣಿಸಿದಳು. ಆಮೇಲೆ ಕೈ ಚಾಚಿದಳು.

"ಬಿಚ್ಚಿ ಕೊಡಿ."

"ಈಗ್ಲಾ?" ಭಾವ ಎರಡೂ ಕೈಯಿಂದ ಸೊಂಟ ಹಿಡಿದುಕೊಂಡು ಹಿಂದೆ ಸರಿದರು. "ಕಿಟಕಿ ಇದೆ ಕಣೇ!"